ದೋಷ ಮೊದಲು, ಬೆಲೆ ಆಮೇಲೆ: ಸಂಗ್ರಹದ ಚಾಕುಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ, ಅದಲುಬದಲು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ಊರಿನ ಕ್ರಿಸ್ ರೀವ್ ಕಾರ್ಖಾನೆ ಮಾಡುವ ಸೆಬೆಂಜಾ ಎಂಬ ಮಡಚುವ ಚಾಕು ಹೊಸದಾಗಿ ಕೊಂಡರೆ ನಾನೂರು ಡಾಲರ್ ದಾಟುತ್ತದೆ. ಅದರ ನಕಲು ಆ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಫೋನಿನ ಪರದೆ ಮೇಲೆ ಎರಡನ್ನೂ ಪಕ್ಕಪಕ್ಕ ತೋರಿಸಿದರೆ ಪಳಗಿದ ಸಂಗ್ರಾಹಕರೂ ಒಂದು ಕ್ಷಣ ತಡವರಿಸುತ್ತಾರೆ. ಹೀಗಿದ್ದೂ, ಮುಖ ನೋಡದ ಇಬ್ಬರು ಸಾವಿರಾರು ಮೈಲಿ ಆಚೀಚೆ ಕೂತು ಬರೀ ಫೋಟೋ ಮತ್ತು ಮಾತಿನ ಮೇಲೆ ಇಂಥ ಚಾಕುಗಳನ್ನು ದಿನವೂ ಕೊಂಡು ಮಾರುತ್ತಾರೆ. ಅಂಗಡಿಯಿಲ್ಲ, ರಸೀದಿಯಿಲ್ಲ, ಮೊದಲು ದುಡ್ಡು ಹೋಗುತ್ತದೆ, ವಸ್ತು ಬರುವುದು ಆಮೇಲೆ.

ಸಂಗ್ರಾಹಕರ ಆನ್‌ಲೈನ್ ವೇದಿಕೆಗಳ ಈ ಸಂತೆ ನಡೆಯುತ್ತಿರುವುದು ಎಲ್ಲೂ ಬರೆದಿಡದ ಕೆಲವು ಕಟ್ಟಳೆಗಳಿಂದ. ಅವುಗಳಲ್ಲಿ ಬಹುಪಾಲು ಅಮೆರಿಕದ ಸಂಗ್ರಾಹಕರ ನಡುವೆ ಹುಟ್ಟಿದವು, ಏಕೆಂದರೆ ದೊಡ್ಡ ಮಾರುಕಟ್ಟೆ ಇರುವುದು ಅಲ್ಲಿ. ಡಾಲಸ್‌ನಲ್ಲೋ ಸನ್ನಿವೇಲ್‌ನಲ್ಲೋ ಇದ್ದು ಈ ಹವ್ಯಾಸಕ್ಕೆ ಬಿದ್ದ ಕನ್ನಡಿಗರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಕೂತು ಅಲ್ಲಿಂದ ತರಿಸುವವರಿಗೆ ಇನ್ನೂ ಕೆಲವು ತೊಡಕುಗಳಿವೆ. ಅವನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ. ತರಿಸುವ ಯೋಚನೆ ಇದ್ದರೆ ಅದನ್ನೇ ಮೊದಲು ಓದಿ.

ಇಡೀ ಬರಹದ ತಿರುಳನ್ನು ಈಗಲೇ ಹೇಳಿಬಿಡುತ್ತೇನೆ. ಕೇಳುವ ಮೊದಲೇ ತನ್ನ ಚಾಕುವಿನ ದೋಷ ಹೇಳುವವನಿಂದ ಕೊಳ್ಳಿ. ಮಾರುವಾಗ ನೀವೂ ಹಾಗೇ ಮಾಡಿ. ಉಳಿದದ್ದೆಲ್ಲ ಇದರ ವಿವರ.

ಹೆಜ್ಜೆ 1: ದುಡ್ಡಿಗಿಂತ ಮೊದಲು ಗುರುತುಗಳನ್ನು ಕಲಿಯಿರಿ

ಮಾರುವವನನ್ನು ನಂಬುವುದು ಎಂದರೆ ಅವನು ಹೇಳಿದ್ದನ್ನು ಪರೀಕ್ಷಿಸಲು ಗೊತ್ತಿದ್ದು ಒಪ್ಪಿಕೊಳ್ಳುವುದು. ಏನೂ ಗೊತ್ತಿಲ್ಲದೆ ಒಪ್ಪಿಕೊಂಡರೆ ಅದು ಜೂಜು. ಆದ್ದರಿಂದ ಒಂದೇ ಕಂಪನಿ ಅಥವಾ ಒಂದೇ ಬಗೆಯ ಚಾಕುವನ್ನು ಆರಿಸಿಕೊಂಡು ಅದರ ಚರಿತ್ರೆ ಪೂರ್ತಿ ಓದಿ. ಎಲ್ಲದರಲ್ಲೂ ಕೈಯಾಡಿಸುವ ಹೊಸಬರೇ ಹೆಚ್ಚು ಮೋಸ ಹೋಗುವುದು.

ಕಲಿಯಲು ತುಂಬ ಸುಲಭವಾದದ್ದು ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನ ಕೇಸ್ ಕಂಪನಿಯ ಚಾಕುಗಳು. ಅಲಗು ಹಿಡಿಯೊಳಗೆ ಸೇರುವ ಜಾಗಕ್ಕೆ ಟ್ಯಾಂಗ್ ಎನ್ನುತ್ತಾರೆ. ವರ್ಷದ ಗುಟ್ಟು ಅಲ್ಲಿನ ಮುದ್ರೆಯಲ್ಲಿದೆ. 1940ರಿಂದ 1964ರವರೆಗಿನ ಚಾಕುಗಳ ಮೇಲೆ ‘ಕೇಸ್ ಎಕ್ಸ್‌ಎಕ್ಸ್’ ಎಂದಷ್ಟೇ ಇರುತ್ತದೆ. 1965ರಿಂದ 1969ರವರೆಗೆ ಅದರ ಕೆಳಗೆ ‘ಯುಎಸ್ಎ’ ಸೇರುತ್ತದೆ. 1970ರಲ್ಲಿ ‘ಮೇಡ್ ಇನ್ ಯುಎಸ್ಎ’ ಎಂದು ಬದಲಾಗಿ ಕೆಳಗೆ ಹತ್ತು ಚುಕ್ಕಿ ಬಂದವು, ಆಮೇಲೆ ವರ್ಷಕ್ಕೊಂದು ಚುಕ್ಕಿ ಕಡಿಮೆ. ಅಂದರೆ ಆರು ಚುಕ್ಕಿ ಇದ್ದರೆ 1974, ಒಂದೇ ಇದ್ದರೆ 1979. 1980ರಲ್ಲಿ ಮಿಂಚಿನಾಕಾರದ ‘ಎಸ್’ ಅಕ್ಷರದೊಂದಿಗೆ ಎಣಿಕೆ ಮತ್ತೆ ಹತ್ತರಿಂದ ಶುರುವಾಯಿತು. ಮಾದರಿ ಸಂಖ್ಯೆಯೂ ಮಾತಾಡುತ್ತದೆ: 6254 ಎಂದಿದ್ದರೆ ಮೊದಲ 6 ಹಿಡಿಯ ವಸ್ತು, ಸಾಮಾನ್ಯವಾಗಿ ಮೂಳೆ, 2 ಎಂದರೆ ಎರಡು ಅಲಗು, 54 ಎಂಬುದು ಟ್ರ್ಯಾಪರ್ ಮಾದರಿ. ಮೊದಲ ಅಂಕಿ 5 ಆದರೆ ಜಿಂಕೆಕೊಂಬು. ಹೀಗಾಗಿ 6ರಿಂದ ಶುರುವಾಗುವ ಸಂಖ್ಯೆಯ ಚಾಕುವಿಗೆ ಕೊಂಬಿನ ಹಿಡಿ ಕಂಡರೆ ಯಾರೋ ಹಿಡಿ ಬದಲಿಸಿದ್ದಾರೆ ಎಂದು ಅನುಮಾನಿಸಿ. ಎರಡು ಅಲಗಿನ ಮೇಲೆ ಎರಡು ಕಾಲದ ಮುದ್ರೆ ಇದ್ದರೆ ಅದು ಹಲವು ಚಾಕುಗಳ ಭಾಗ ಸೇರಿಸಿ ಕಟ್ಟಿದ್ದಾಗಿರಬಹುದು. ಅಂಥದ್ದಕ್ಕೆ ಸಂಗ್ರಾಹಕರು ಫ್ರಾಂಕೆನ್ ಎನ್ನುತ್ತಾರೆ.

ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳಲ್ಲಿ ಸುಳ್ಳು ಮುದ್ರೆಯ ಕತೆ ಇಂದಿನದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಸೋಲಿಂಗನ್‌ನಿಂದ ಬಂದ ಅಗ್ಗದ ಸರಕಿನ ಮೇಲೆ ಶೆಫೀಲ್ಡ್ ಹೆಸರು ಒತ್ತುತ್ತಿದ್ದರು. ಅಲ್ಲಿನ ಕಸುಬುದಾರರ ದೂರೇ 1887ರ ಸರಕು ಮುದ್ರೆಗಳ ಕಾಯ್ದೆಗೆ ಒಂದು ಕಾರಣ. 1890ರ ಮೆಕಿನ್ಲಿ ಸುಂಕ ಕಾಯ್ದೆಯ ಪ್ರಕಾರ ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಆದ್ದರಿಂದ ‘ಇಂಗ್ಲೆಂಡ್’ ಎಂದು ಅಚ್ಚಾದ, ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಚಾಕುವನ್ನು ‘ಅಮೆರಿಕದ ಅಂತರ್ಯುದ್ಧದ ಕಾಲದ್ದು’ (1861–65) ಎಂದು ಯಾರಾದರೂ ಮಾರಿದರೆ ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ದೇಶದ ಹೆಸರಿಲ್ಲ ಎಂದಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ಬೇರೆ ದೇಶದ ಮಾರುಕಟ್ಟೆಗೆ ಹೋದದ್ದಿರಬಹುದು.

ಹೊಸ ಕಾಲದ ಚಾಕುಗಳಲ್ಲಿ ಸುಳ್ಳು ಸಿಕ್ಕಿಬೀಳುವುದು ಕಾಲಗಣನೆಯಲ್ಲಿ. ಕ್ರೂಸಿಬಲ್ ಕಂಪನಿ ಕ್ರಿಸ್ ರೀವ್ ಜೊತೆ ಸೇರಿ ರೂಪಿಸಿದ ಎಸ್30ವಿ ಉಕ್ಕು ಬಂದದ್ದೇ 2001ರಲ್ಲಿ. ‘1996ರ ಸೆಬೆಂಜಾ, ಎಸ್30ವಿ ಅಲಗು’ ಎಂಬ ಜಾಹೀರಾತಿನಲ್ಲಿ ಎರಡರಲ್ಲೊಂದು ತಪ್ಪು. ಸೆಬೆಂಜಾ 31 ಮಾದರಿ ಹೊರಬಂದದ್ದು 2019ರಲ್ಲಿ. ಅದರ ಜೊತೆ 2015ರ ತಾರೀಕಿನ ಹುಟ್ಟುಚೀಟಿ ಬಂದರೆ ಚೀಟಿ ಆ ಚಾಕುವಿನದ್ದಲ್ಲ. ಕಾರ್ಖಾನೆಯಲ್ಲಿ ತಾರೀಕು ಹಾಕಿ ಡಬ್ಬಿಯಲ್ಲಿಡುವ ಆ ಚೀಟಿಯನ್ನೂ ನಕಲು ಮಾಡುತ್ತಾರೆ, ಮೂಲ ಚೀಟಿ ಮಾತ್ರ ಪ್ರತ್ಯೇಕವಾಗಿ ಕೈ ಬದಲಾಯಿಸುವುದೂ ಇದೆ. ಚೀಟಿಯನ್ನು ನಂಬಿ ಚಾಕು ಕೊಳ್ಳಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಅದಕ್ಕಿಂತ ಪ್ರಾಮಾಣಿಕ: ಕಂಪನಿ ಪ್ರಕಟಿಸಿದ ತೂಕ ನೋಡಿಕೊಂಡು, ಚಾಕುವನ್ನು ತಕ್ಕಡಿ ಮೇಲಿಟ್ಟ ಫೋಟೋ ಕಳಿಸಲು ಹೇಳಿ. ಟೈಟಾನಿಯಂ ಎಂದು ಹೇಳಿ ಮಾರುವ ಸ್ಟೀಲ್ ಹಿಡಿ ಅಲ್ಲಿ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಬಾಬ್ ಲವ್‌ಲೆಸ್ ಅವರ ಕೈಕೆಲಸದಂಥ, ಸಾವಿರಾರು ಡಾಲರ್ ಬಾಳುವ ಚಾಕುಗಳಿಗೆ ಈ ಮನೆಮದ್ದು ಸಾಲದು. ಅವರು 2010ರಲ್ಲಿ ತೀರಿಕೊಂಡರು, ಇನ್ನು ಕೇಳಲು ಅವರಿಲ್ಲ. ಅಂಥದ್ದನ್ನು ಮೂಲ ರಸೀದಿ, ಹಿಂದಿನ ಒಡೆಯರ ಸರಣಿ ಮತ್ತು ಆ ಒಬ್ಬರ ಕೆಲಸವನ್ನೇ ಓದಿಕೊಂಡ ಪರಿಣತರ ಅಭಿಪ್ರಾಯ ಇಲ್ಲದೆ ಮುಟ್ಟಬೇಡಿ. ಆ ಪರಿಣತರನ್ನು ನೀವು ಹುಡುಕಬೇಕು, ಮಾರುವವನು ಸೂಚಿಸಬಾರದು.

ಹೆಜ್ಜೆ 2: ಚಾಕುವಿಗಿಂತ ಮೊದಲು ಮಾರುವವನನ್ನು ಓದಿ

ಅವನ ಹಳೆಯ ವ್ಯವಹಾರಗಳ ಬಗ್ಗೆ ಜನ ಬರೆದ ಮಾತುಗಳನ್ನು ನೋಡಿ. ಸಂಖ್ಯೆ ದೊಡ್ಡದಿದೆ ಎಂದು ಸಮಾಧಾನ ಪಡಬೇಡಿ, ಅದರ ಆಕಾರ ನೋಡಿ. ಇಪ್ಪತ್ತು ಡಾಲರ್‌ನ ಸಣ್ಣಪುಟ್ಟ ಮಾರಾಟಗಳಿಂದ ಒಳ್ಳೆಯ ಹೆಸರು ಕಟ್ಟಿ, ಒಂದು ದಿನ ಏಕಾಏಕಿ ಐದು ದುಬಾರಿ ಚಾಕು ಒಟ್ಟಿಗೆ ಇಡುವುದು ಹಳೆಯ ತಂತ್ರ. ಮೂರು ವರ್ಷ ಸುಮ್ಮನಿದ್ದ ಖಾತೆ ದಿಢೀರನೆ ಎದ್ದು ಮಾರಲು ಶುರುಮಾಡಿದರೆ ಅದು ಕದ್ದ ಖಾತೆಯೂ ಆಗಿರಬಹುದು. ಬರೆಯುವ ಧಾಟಿ ಹಳೆಯ ಬರಹಗಳಿಗೆ ಹೊಂದುತ್ತದೆಯೇ ಎಂದು ನೋಡಿ.

ಆಮೇಲೆ ಗುರುತಿನ ಫೋಟೋ ಕೇಳಿ. ಚಾಕುವಿನ ಪಕ್ಕ ಒಂದು ಕಾಗದ. ಅದರ ಮೇಲೆ ಕೈಬರಹದಲ್ಲಿ ಅವನ ಬಳಕೆಯ ಹೆಸರು, ಅಂದಿನ ತಾರೀಕು. ಇದನ್ನು ಕೇಳುವುದು ಅವಮಾನವಲ್ಲ, ಈ ಲೋಕದಲ್ಲಿ ವಾಡಿಕೆ. ಪ್ರಾಮಾಣಿಕ ಮಾರಾಟಗಾರ ಕೇಳುವ ಮೊದಲೇ ಹಾಕಿರುತ್ತಾನೆ. ನನ್ನ ಸಲಹೆ, ಇನ್ನೊಂದು ವಿಚಿತ್ರ ಬೇಡಿಕೆಯನ್ನೂ ಸೇರಿಸಿ: ಅಲಗು ಅರ್ಧ ತೆರೆದಿರಲಿ, ಪಕ್ಕದಲ್ಲಿ ಒಂದು ಚಮಚ ಇರಲಿ, ಹೀಗೆ ಏನಾದರೂ. ಬೇರೆಯವರ ಫೋಟೋ ಕದ್ದವನಿಗೆ ಆ ಚಮಚ ಸಿಗುವುದಿಲ್ಲ. ಗೂಗಲ್‌ನಲ್ಲಿ ಆ ಚಿತ್ರವನ್ನೇ ಹಾಕಿ ಹುಡುಕುವುದನ್ನೂ ಮರೆಯಬೇಡಿ.

ಕೊನೆಗೆ ಹಣ ಪಡೆಯುವ ಹೆಸರು. ಮಾತಾಡಿದವನು ಒಬ್ಬ, ಹಣ ಹೋಗಬೇಕಾದದ್ದು ಇನ್ನೊಬ್ಬನ ಖಾತೆಗೆ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಇದರಲ್ಲಿ ತ್ರಿಕೋನ ಮೋಸವೊಂದಿದೆ: ಠಕ್ಕ ಬೇರೊಬ್ಬ ಮಾರಾಟಗಾರನ ಚಾಕುವಿನ ಚಿತ್ರ ತೋರಿಸಿ ನಿಮ್ಮಿಂದ ಅವನ ಖಾತೆಗೇ ದುಡ್ಡು ಹಾಕಿಸುತ್ತಾನೆ, ವಸ್ತುವನ್ನು ತನ್ನ ವಿಳಾಸಕ್ಕೆ ತರಿಸಿಕೊಳ್ಳುತ್ತಾನೆ. ಕಡೆಗೆ ಜಗಳವಾಡುವುದು ಇಬ್ಬರು ನಿರಪರಾಧಿಗಳು.

ಹೆಜ್ಜೆ 3: ಸ್ಥಿತಿಯ ಬಗ್ಗೆ ಪ್ರಶ್ನೆ ಕೇಳುವ ಕಲೆ

ಹೊಸದರಂತೆಯೇ ಇದೆ ಎಂಬರ್ಥದ ‘ಮಿಂಟ್’, ‘ಲೈಕ್ ನ್ಯೂ’ ಎಂಬ ಮಾತುಗಳಿಗೆ ಒಬ್ಬೊಬ್ಬರದು ಒಂದೊಂದು ಅಳತೆ. ಒಬ್ಬ ಸೇಫ್ ಕ್ವೀನ್ ಎನ್ನುವುದು ತಿಜೋರಿಯಿಂದ ಹೊರಬರದ ಚಾಕುವನ್ನು, ಇನ್ನೊಬ್ಬನದು ದಿನವೂ ರಟ್ಟು ಕತ್ತರಿಸಿ ರಾತ್ರಿ ಮಾತ್ರ ತಿಜೋರಿಯಲ್ಲಿ ಮಲಗುವ ಚಾಕು. ಆದ್ದರಿಂದ ವಿಶೇಷಣ ಕೇಳಬೇಡಿ, ಸಂಗತಿ ಕೇಳಿ.

ಮಡಚುವ ಆಧುನಿಕ ಚಾಕುವಾದರೆ: ಇದರಿಂದ ಏನಾದರೂ ಕತ್ತರಿಸಿದ್ದೀರಾ? ಕಾರ್ಖಾನೆಯ ಧಾರೆ ಹಾಗೇ ಇದೆಯೇ, ಮಸೆದಿದ್ದೀರಾ? ಮಸೆದದ್ದು ಕೈಯಿಂದಲೋ ಯಂತ್ರದಿಂದಲೋ? ಮುಚ್ಚಿದಾಗ ಅಲಗು ನಡುವೆ ಕೂರುತ್ತದೆಯೇ? ತೆರೆದಾಗ ಮೇಲೆಕೆಳಗೆ ಅಥವಾ ಪಕ್ಕಕ್ಕೆ ಅಲುಗಾಡುತ್ತದೆಯೇ? ಲಾಕ್ ಅಲಗಿನ ಬುಡದ ಎಷ್ಟು ಭಾಗವನ್ನು ಹಿಡಿದಿದೆ? ಬಿಚ್ಚಿ ಜೋಡಿಸಿದ್ದೀರಾ? ಬಿಚ್ಚಿದರೆ ವಾರಂಟಿ ಹೋಯಿತು ಎನ್ನುವ ಕಂಪನಿಗಳಿವೆ, ಕ್ರಿಸ್ ರೀವ್ ಮಾತ್ರ ಡಬ್ಬಿಯಲ್ಲೇ ಕೀಲಿ ಇಟ್ಟು ಬಿಚ್ಚಿ ಒರೆಸಿ ಎನ್ನುತ್ತದೆ. ಹಾಗಾಗಿ ಕಂಪನಿ ನೋಡಿ ಉತ್ತರದ ಬೆಲೆ ಕಟ್ಟಬೇಕು. ಟೈಟಾನಿಯಂ ಮೇಲೆ ಜೇಬಿನ ಕೀಲಿಕೈ ಗೀಚಿದ ಹೊಳೆಯುವ ಗೆರೆಗಳನ್ನು ಸ್ನೇಲ್ ಟ್ರೇಲ್ ಎನ್ನುತ್ತಾರೆ. ನೇರ ಬೆಳಕಿನ ಫೋಟೋದಲ್ಲಿ ಅವು ಅಡಗುತ್ತವೆ. ಓರೆ ಬೆಳಕಿನಲ್ಲಿ ಇನ್ನೊಂದು ಫೋಟೋ ಕೇಳಿ.

ಲಾಕ್ ಇಲ್ಲದ ಹಳೆಯ ಮಾದರಿಯ ಜೇಬುಚಾಕುಗಳ ಪ್ರಶ್ನೆಗಳು ಬೇರೆ. ತೆರೆದು ಮುಚ್ಚುವಾಗ ಸ್ಪ್ರಿಂಗ್ ಎಳೆತವೂ ಸದ್ದೂ ಹೇಗಿದೆ? ಇದಕ್ಕೆ ಅಲ್ಲಿ ‘ವಾಕ್ ಅಂಡ್ ಟಾಕ್’ ಎನ್ನುತ್ತಾರೆ. ಹತ್ತು ಸೆಕೆಂಡಿನ ವಿಡಿಯೋ ಸಾಕು. ಸ್ಪ್ರಿಂಗ್ ಮತ್ತು ಲೈನರ್ (ಹಿಡಿಯ ಒಳಬದಿಯ ತೆಳು ಲೋಹದ ತಗಡು) ನಡುವೆ ಬೆಳಕು ನುಸುಳುತ್ತದೆಯೇ? ಮುಚ್ಚುವಾಗ ಅಲಗು ಸ್ಪ್ರಿಂಗಿಗೆ ಬಡಿಯುತ್ತದೆಯೇ? ಮಸೆದು ಮಸೆದು ಅಲಗು ಸವೆದಿದೆಯೇ? ಅದೇ ಮಾದರಿಯ ಸವೆಯದ ಚಾಕುವಿನ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿದರೆ ಮಾತ್ರ ಇದು ತಿಳಿಯುತ್ತದೆ. ಎಪ್ಪತ್ತು ವರ್ಷದ ಚಾಕು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ: ಯಾರೋ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದಿದ್ದಾರೆ, ಮುದ್ರೆಯ ಅಂಚುಗಳೂ ಬೆಲೆಯೂ ಒಟ್ಟಿಗೇ ಸವೆದಿವೆ. ಕಾರ್ಬನ್ ಸ್ಟೀಲಿನ ಬೂದು ಬಣ್ಣ ದೋಷವಲ್ಲ. ಕೆಂಪು ತುಕ್ಕಿನ ಗುಳಿ ದೋಷ.

ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಯಿರುವ ಚಾಕುಗಳ ಬಗ್ಗೆ ವಿಶೇಷ ಎಚ್ಚರಿಕೆ. ಅದು ಕೊಳೆಯಲು ಶುರುವಾದರೆ ಬಿಡುವ ಆಮ್ಲೀಯ ಅನಿಲ ತನ್ನ ಅಲಗನ್ನಷ್ಟೇ ಅಲ್ಲ, ಅದೇ ಪೆಟ್ಟಿಗೆಯಲ್ಲಿರುವ ಅಕ್ಕಪಕ್ಕದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ. ಹಿಡಿಯ ಹತ್ತಿರ ಮಾತ್ರ ತುಕ್ಕು, ಹಿಡಿಯಲ್ಲಿ ಬಿರುಕು, ಮೂಗಿಗೆ ಚುಚ್ಚುವ ವಾಸನೆ ಇದ್ದರೆ ಬೇಡ ಅನ್ನಿ. ಇದನ್ನು ಮುಚ್ಚಿಟ್ಟು ಮಾರುವವನು ಒಂದು ಚಾಕುವನ್ನಲ್ಲ, ನಿಮ್ಮ ಇಡೀ ಪೆಟ್ಟಿಗೆಯನ್ನು ಹಾಳುಮಾಡುತ್ತಾನೆ.

ಈಗ ನೀವೇ ಮಾರುವಾಗ. ಜಾಹೀರಾತಿನ ಮೊದಲ ಸಾಲಿನಲ್ಲೇ ಕೆಟ್ಟದ್ದನ್ನು ಬರೆಯಿರಿ: ‘ಎಡಬದಿಯಲ್ಲಿ ಕ್ಲಿಪ್ ಹತ್ತಿರ ಗೀರಿದೆ, ನಾಲ್ಕನೇ ಫೋಟೋ ನೋಡಿ. ಒಮ್ಮೆ ಮಸೆದಿದ್ದೇನೆ. ನಾನು ಎರಡನೇ ಒಡೆಯ.’ ಬೆಲೆ ಸ್ವಲ್ಪ ಇಳಿಯಬಹುದು, ಆದರೆ ಚಾಕು ವಾಪಸ್ ಬರುವುದಿಲ್ಲ. ನೀವು ಕಂಡುಹಿಡಿಯದ ದೋಷವನ್ನು ಕೊಂಡವನು ತೋರಿಸಿದಾಗ ‘ನನ್ನ ಕಣ್ಣಿಗೆ ಬಿದ್ದಿರಲಿಲ್ಲ’ ಎಂದರೆ ಅವನು ನಂಬುವುದು, ಉಳಿದದ್ದನ್ನೆಲ್ಲ ನೀವೇ ಮೊದಲು ಹೇಳಿದ್ದಿದ್ದರೆ ಮಾತ್ರ.

ಹೆಜ್ಜೆ 4: ಬೆಲೆ, ಚೌಕಾಸಿ, ‘ನಾನು ತಗೋತೀನಿ’

ಇಲ್ಲಿ ನಮ್ಮವರು ಎಡವುವುದು ಹೆಚ್ಚು. ಕೆ.ಆರ್. ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೆ ಕೇಳುವುದು ಆಟದ ಭಾಗ, ಅಲ್ಲಿ ಅದು ಒರಟುತನ. ಜಾಹೀರಾತಿನಲ್ಲಿ ‘ಆಫರ್‌ಗೆ ಸಿದ್ಧ’ ಎಂದಿದ್ದರೆ ಐದು, ಹತ್ತು ಶೇಕಡಾ ಕಡಿಮೆ ಕೇಳಬಹುದು. ‘ಫರ್ಮ್’ ಎಂದಿದ್ದರೆ ಕೇಳಲೇಬೇಡಿ. ಕೇಳುವುದಿದ್ದರೆ ಖಾಸಗಿ ಸಂದೇಶದಲ್ಲಿ ಕೇಳಿ; ಎಲ್ಲರೆದುರು ‘ಇದು ಇನ್ನೊಂದು ಕಡೆ ಅಗ್ಗ’ ಎಂದು ಬರೆಯುವುದನ್ನು ಅಲ್ಲಿ ಯಾರೂ ಬೇಗ ಮರೆಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ: ಕೇಳಿದ ಬೆಲೆಗೆ ಷರತ್ತಿಲ್ಲದೆ ‘ಐ ವಿಲ್ ಟೇಕ್ ಇಟ್’ ಎಂದು ಮೊದಲು ಬರೆದವನಿಗೆ ಚಾಕು. ಅವನಿಗಿಂತ ಮೊದಲು ಹತ್ತು ಪ್ರಶ್ನೆ ಕೇಳಿದವನಿಗೆ ಹಕ್ಕಿಲ್ಲ, ಕಡಿಮೆ ಬೆಲೆ ಹೇಳಿ ಉತ್ತರಕ್ಕೆ ಕಾದವನಿಗೂ ಇಲ್ಲ. ಆ ನಾಲ್ಕು ಪದ ಬರೆದ ಮೇಲೆ ನೀವು ಕೊಂಡಂತೆಯೇ. ಹೆಂಡತಿಯನ್ನು ಕೇಳುವುದಿದ್ದರೆ ಅದಕ್ಕಿಂತ ಮೊದಲು ಕೇಳಿ. ಮಾರುವವನಿಗೂ ಇದೇ ಕಟ್ಟು: ಒಬ್ಬ ಒಪ್ಪಿದ ಮೇಲೆ ಇನ್ನೊಬ್ಬ ಐವತ್ತು ಡಾಲರ್ ಹೆಚ್ಚು ಕೊಡುತ್ತೇನೆಂದರೆ ಕೈಮುಗಿದು ಬೇಡ ಎನ್ನಬೇಕು. ಒಪ್ಪಿದವನು ಇಪ್ಪತ್ನಾಲ್ಕು ಗಂಟೆಯಲ್ಲಿ ಹಣ ಹಾಕದಿದ್ದರೆ ಮುಂದಿನವನ ಸರದಿ. ಆ ಗಡುವನ್ನು ಜಾಹೀರಾತಿನಲ್ಲೇ ಬರೆದಿಡಿ.

ಮರುಮಾರಾಟದ ಲಾಭದ ಬಗ್ಗೆ ಎರಡು ಗುಂಪುಗಳಿವೆ. 2006ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಶುರುವಾದ ಗ್ರೇಟ್ ಈಸ್ಟರ್ನ್ ಕಟ್ಲರಿ ಸಣ್ಣ ಸಣ್ಣ ಸರಣಿಯಲ್ಲಿ ಚಾಕು ಮಾಡುತ್ತದೆ. ಬೇಡಿಕೆಯವು ಅಂಗಡಿಗೆ ಬಂದ ಕೂಡಲೇ ಖಾಲಿಯಾಗುತ್ತವೆ, ಮರುದಿನವೇ ಒಂದೂವರೆ ಪಟ್ಟು ಬೆಲೆಗೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಾನೂನಿಗೆ ಇದರಲ್ಲಿ ತಪ್ಪಿಲ್ಲ. ಆದರೆ ನಿಮಗೆ ಕೊಂಡ ಬೆಲೆಗೇ ಚಾಕು ಬಿಟ್ಟುಕೊಟ್ಟ ಹಿರಿಯ ಸಂಗ್ರಾಹಕರು, ನೀವು ಅದನ್ನೇ ವಾರದೊಳಗೆ ಲಾಭಕ್ಕೆ ಮಾರಿದ್ದನ್ನು ಕಂಡರೆ ಮುಂದಿನ ಬಾರಿ ಉತ್ತರಿಸುವುದಿಲ್ಲ. ಮಾರಲೇಬೇಕಾದರೆ ಮೊದಲು ಅವರಿಗೇ ಆ ಬೆಲೆಗೆ ವಾಪಸ್ ಬೇಕೇ ಎಂದು ಕೇಳಿ. ಈ ಒಂದು ನಡೆ ನೂರು ಒಳ್ಳೆಯ ಅಭಿಪ್ರಾಯಗಳಿಗಿಂತ ಬೆಲೆಯುಳ್ಳದ್ದು ಎಂಬುದು ನನ್ನ ಎಣಿಕೆ.

ಹೆಜ್ಜೆ 5: ಹಣ

ಅಪರಿಚಿತರಿಗೆ ಪೇಪಾಲ್‌ನ ‘ಗೂಡ್ಸ್ ಅಂಡ್ ಸರ್ವಿಸಸ್’ ದಾರಿಯಲ್ಲಿ ಮಾತ್ರ ಕಳಿಸಿ. ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಮೂಲಕ ಹೋದ ಹಣಕ್ಕೆ ಖರೀದಿದಾರನ ರಕ್ಷಣೆ ಇಲ್ಲ, ಜೊತೆಗೆ ವ್ಯಾಪಾರಕ್ಕೆ ಅದನ್ನು ಬಳಸುವುದೇ ನಿಯಮಕ್ಕೆ ವಿರುದ್ಧ. ‘ಶುಲ್ಕ ಉಳಿಯುತ್ತದೆ’ ಎಂದು ಮಾರುವವನು ಒತ್ತಾಯಿಸಿದರೆ ಆ ಶುಲ್ಕ ನೀವೇ ಕೊಡುತ್ತೇನೆ ಎನ್ನಿ. ಆಗಲೂ ಒಪ್ಪದಿದ್ದರೆ ವಿಷಯ ಶುಲ್ಕದ್ದಲ್ಲ. ಮಾರುವವರಾದರೆ ಶುಲ್ಕ, ಅಂಚೆ ಎರಡನ್ನೂ ಸೇರಿಸಿಯೇ ಬೆಲೆ ಹೇಳಿ. ಕಾನೂನು ನಿರ್ಬಂಧಿಸಿದ ಚಾಕುಗಳ ವಹಿವಾಟಿಗೆ ಪೇಪಾಲ್ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ದೂರು ಕೊಡಲು 180 ದಿನಗಳಿವೆ, ಆದರೆ ‘ನಾಳೆ ಕಳಿಸುತ್ತೇನೆ’ ಎಂದು ತಿಂಗಳುಗಟ್ಟಲೆ ತಳ್ಳುವವರು ಕಾಯುವುದು ಆ ಗಡುವು ಮುಗಿಯಲೆಂದೇ.

ಹೆಜ್ಜೆ 6: ಕಟ್ಟುವುದು, ಕಳಿಸುವುದು

ಅಲಗು ಮುಚ್ಚಿದ ಸ್ಥಿತಿಯಲ್ಲಿ ತೆರೆಯದಂತೆ ಕಾಗದ ಸುತ್ತಿ ಅದರ ಮೇಲೆ ಟೇಪ್. ಹಿಡಿಗೆ ನೇರವಾಗಿ ಟೇಪ್ ಅಂಟಿಸಬೇಡಿ. ಮಡಚದ ಚಾಕುವಾದರೆ ಒರೆಯ ತುದಿಗೆ ದಪ್ಪ ರಟ್ಟು. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಹೊರಗೆ ‘ಚಾಕು’ ಎಂದು ಬರೆದು ಕಳ್ಳರಿಗೆ ಆಹ್ವಾನ ಕೊಡಬೇಡಿ. ವಿಮೆ, ಟ್ರ್ಯಾಕಿಂಗ್, ದುಬಾರಿಯಾದರೆ ಸಹಿ. ಕಳಿಸುವ ಮೊದಲು ಆ ಚಾಕುವಿಗೆ ಮಾತ್ರ ಇರುವ ಗೀರು, ಮೂಳೆಯ ಗೆರೆ, ಕ್ರಮಸಂಖ್ಯೆಗಳ ಹತ್ತಿರದ ಫೋಟೋ ತೆಗೆದಿಡಿ. ಅಸಲಿಯನ್ನು ಇಟ್ಟುಕೊಂಡು ನಕಲಿಯನ್ನು ಹಿಂದಿರುಗಿಸುವ ಖರೀದಿದಾರರೂ ಇದ್ದಾರೆ.

ಗುಂಡಿ ಒತ್ತಿದರೆ ತೆರೆದುಕೊಳ್ಳುವ ಆಟೊಮ್ಯಾಟಿಕ್ ಚಾಕು ಬೇರೆ ಲೋಕ. 1958ರ ಅಮೆರಿಕದ ಸ್ವಿಚ್‌ಬ್ಲೇಡ್ ಕಾಯ್ದೆ ರಾಜ್ಯಗಳ ನಡುವಿನ ಅದರ ವ್ಯಾಪಾರಕ್ಕೆ ಕಡಿವಾಣ ಹಾಕಿದೆ, ಕೆಲವು ವಿನಾಯಿತಿ ಬಿಟ್ಟರೆ ಸರ್ಕಾರಿ ಅಂಚೆ ಅದನ್ನು ಒಯ್ಯುವುದಿಲ್ಲ. ಹೆಬ್ಬೆರಳಿನಿಂದ ಸ್ವಲ್ಪ ತಳ್ಳಿದ ಮೇಲೆ ಸ್ಪ್ರಿಂಗ್ ನೆರವಾಗುವ ಚಾಕುಗಳನ್ನು 2009ರ ತಿದ್ದುಪಡಿ ಈ ಕಾಯ್ದೆಯಿಂದ ಹೊರಗಿಟ್ಟಿತು. ರಾಜ್ಯ ಕಾನೂನುಗಳು ಬೇರೆಬೇರೆ, ಆಗಾಗ ಬದಲಾಗುತ್ತವೆ ಕೂಡ. ನ್ಯೂಯಾರ್ಕ್ ತನ್ನ ಗ್ರಾವಿಟಿ ನೈಫ್ (ತೂಕದಿಂದಲೋ ಕೈ ಜಾಡಿಸಿದರೋ ತೆರೆಯುವ ಚಾಕು) ನಿಷೇಧ ಕೈಬಿಟ್ಟದ್ದು 2019ರಲ್ಲಿ. ಬ್ರಿಟನ್ನಿನಲ್ಲಿರುವವರು ಇನ್ನೂ ಹುಷಾರಾಗಿರಬೇಕು: 2019ರ ಕಾಯ್ದೆಯ ಪ್ರಕಾರ 2021ರ ಜುಲೈನಿಂದ ಫ್ಲಿಕ್ ಚಾಕುವನ್ನು (ಗುಂಡಿ ಒತ್ತಿ ತೆರೆಯುವ ಚಾಕುವಿಗೆ ಅಲ್ಲಿನ ಹೆಸರು) ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಕೊಳ್ಳುವವನು ‘ನಮ್ಮೂರಲ್ಲಿ ಪರವಾಗಿಲ್ಲ’ ಎಂದಮಾತ್ರಕ್ಕೆ ಕಳಿಸಬೇಡಿ.

ಹೆಜ್ಜೆ 7: ಅದಲುಬದಲು

ಎರಡೂ ಕಡೆ ವಸ್ತುವೇ ಇರುವುದರಿಂದ ನಂಬಿಕೆಯ ಪರೀಕ್ಷೆ ಇಲ್ಲಿ ದುಪ್ಪಟ್ಟು. ಕೆಲವರು ಒಂದೇ ಚಾಕುವಿಗೆ ಎರಡು ಬೆಲೆ ಹಾಕುತ್ತಾರೆ, ನಗದಿಗೆ ಕಡಿಮೆ, ವಿನಿಮಯಕ್ಕೆ ಹೆಚ್ಚು. ನೀವೂ ನಿಮ್ಮದಕ್ಕೆ ಎರಡು ಬೆಲೆ ಹೇಳಿ, ವಿನಿಮಯದ ಬೆಲೆಯನ್ನು ವಿನಿಮಯದ ಬೆಲೆಗೇ ಹೋಲಿಸಿ. ವ್ಯತ್ಯಾಸದ ಹಣ ಯಾರು, ಯಾವಾಗ, ಹೇಗೆ ಕೊಡಬೇಕು ಎಂಬುದನ್ನು ಬರಹದಲ್ಲಿ ಮುಗಿಸಿ.

ಯಾರು ಮೊದಲು ಕಳಿಸಬೇಕು? ಕಡಿಮೆ ಹೆಸರು ಗಳಿಸಿದವನು. ಹೊಸಬರಾದರೆ ಮುನಿಸಿಕೊಳ್ಳದೆ ಒಪ್ಪಿಕೊಳ್ಳಿ, ನೀವೇ ಮುಂದಾಗಿ ಹೇಳಿದರೆ ಇನ್ನೂ ಒಳ್ಳೆಯದು. ಇಬ್ಬರೂ ಸಮಾನರಾದರೆ ಒಂದೇ ದಿನ ಕಳಿಸಿ ಟ್ರ್ಯಾಕಿಂಗ್ ಸಂಖ್ಯೆ ಬದಲಾಯಿಸಿಕೊಳ್ಳುವುದು ವಾಡಿಕೆ. ಇದರಲ್ಲೊಂದು ತೂತಿದೆ: ಚೀಟಿ ಮುದ್ರಿಸಿದ ಕೂಡಲೇ ಸಂಖ್ಯೆ ಹುಟ್ಟುತ್ತದೆ, ಡಬ್ಬಿ ಅಂಚೆಗೆ ಸೇರಿರುವುದಿಲ್ಲ. ‘ಸ್ವೀಕರಿಸಲಾಗಿದೆ’ ಎಂಬ ಮೊದಲ ಸ್ಕ್ಯಾನ್ ಕಂಡ ಮೇಲೆ ನಿಮ್ಮದನ್ನು ಕೊಡಿ. ತುಂಬ ಬೆಲೆಯದ್ದಾದರೆ ಇಬ್ಬರಿಗೂ ಗೊತ್ತಿರುವ ಮೂರನೆಯವರ ಮನೆಗೆ ಇಬ್ಬರೂ ಕಳಿಸಬಹುದು, ಅಥವಾ ಪ್ರತಿ ಬೇಸಿಗೆಯಲ್ಲಿ ಅಟ್ಲಾಂಟಾದಲ್ಲಿ ನಡೆಯುವ ಚಾಕು ಮೇಳ ಬ್ಲೇಡ್ ಶೋವರೆಗೆ ಕಾದು ಕೈಯಿಂದ ಕೈಗೆ ಮುಗಿಸಬಹುದು.

ಹೆಜ್ಜೆ 8: ಡಬ್ಬಿ ಬಂದ ಮೇಲೆ

ವಿಳಾಸದ ಚೀಟಿ ಕಾಣುವಂತೆ ಇಟ್ಟು, ನಡುವೆ ಕತ್ತರಿಸದೆ ವಿಡಿಯೋ ಮಾಡುತ್ತ ತೆರೆಯಿರಿ. ಬಂತು ಎಂದು ಅಂದೇ ತಿಳಿಸಿ. ಎಷ್ಟೋ ಜನ ಇದೊಂದು ಸಾಲು ಬರೆಯದೆ ಮಾರಿದವನನ್ನು ವಾರಗಟ್ಟಲೆ ಕಾಯಿಸುತ್ತಾರೆ. ಎರಡು ಮೂರು ದಿನದೊಳಗೆ ನೋಡಿ ಮುಗಿಸಿ. ಆದರೆ ಅದರಿಂದ ಏನನ್ನೂ ಕತ್ತರಿಸಬೇಡಿ, ಬಿಚ್ಚಬೇಡಿ. ಮುಟ್ಟಿದ ಮೇಲೆ ವಾಪಸ್ ಕೇಳುವ ಹಕ್ಕು ಇರುವುದಿಲ್ಲ.

ಹೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ಮೊದಲು ಖಾಸಗಿಯಾಗಿ, ಫೋಟೋ ಸಮೇತ, ನಿಮಗೆ ಏನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ: ಪೂರ್ತಿ ವಾಪಸ್ಸೋ, ಇಪ್ಪತ್ತೈದು ಡಾಲರ್ ಕಡಿತವೋ. ಮಾರಿದವನ ತಪ್ಪಾದರೆ ಹಿಂದಿರುಗಿಸುವ ಅಂಚೆ ಖರ್ಚು ಅವನದು, ನಿಮ್ಮ ಮನಸ್ಸು ಬದಲಾಗಿದ್ದರೆ ನಿಮ್ಮದು. ಒಂದೆರಡು ದಿನ ಕೊಡಿ. ಉತ್ತರ ಬರದಿದ್ದರೆ ಪೇಪಾಲ್ ದೂರು, ಅದಾದ ಮೇಲೆ ಮಾತ್ರ ಬಹಿರಂಗ ಬರಹ. ಅದರಲ್ಲೂ ತಾರೀಕು, ಸಂದೇಶ, ಫೋಟೋಗಳಷ್ಟೇ ಇರಲಿ, ಬೈಗುಳ ಬೇಡ. ಡಬ್ಬಿ ಬರದೆಯೂ ಟ್ರ್ಯಾಕಿಂಗ್ ‘ತಲುಪಿದೆ’ ಎಂದು ತೋರಿಸಿದರೆ ಗಾಬರಿಯಾಗಬೇಡಿ: ನಿಮ್ಮ ಊರಿನ ಬೇರೆ ವಿಳಾಸಕ್ಕೆ ಖಾಲಿ ಲಕೋಟೆ ಕಳಿಸಿ ಆ ಸಂಖ್ಯೆಯನ್ನು ನಿಮಗೆ ಕೊಡುವ ಮೋಸ ಇದೆ. ಅದು ಎಲ್ಲಿಗೆ ತಲುಪಿತು ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ, ನಿಮ್ಮ ವಿಳಾಸವಲ್ಲ ಎಂಬ ದೃಢೀಕರಣ ಪಡೆದು ದೂರಿಗೆ ಸೇರಿಸಿ.

ಭಾರತಕ್ಕೆ ತರಿಸುವವರಿಗೆ, ಭಾರತದ್ದನ್ನು ಕೊಳ್ಳುವವರಿಗೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದ್ದಲ್ಲದಿದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಕಠಾರಿ, ಕತ್ತಿಗಳು ಹೆಸರಿನಿಂದಲೇ ಅಲ್ಲಿವೆ. ಆಯುಧಗಳ ಆಮದಿಗೆ 1959ರ ಕಾಯ್ದೆಯಡಿ ಪರವಾನಗಿ ಬೇಕು. ಸಣ್ಣ ಜೇಬುಚಾಕುವೂ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು. ಆಗ ಮಾರಿದವನನ್ನು ದೂರಬೇಡಿ. ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಆಮದಿನ ಹೊಣೆ ಕೊಳ್ಳುವವನದು. ‘ಗಿಫ್ಟ್ ಎಂದು ಬರೆಯಿರಿ, ಹತ್ತು ಡಾಲರ್ ಎಂದು ಹಾಕಿ’ ಎಂದು ಕೇಳುವುದು ಅವನಿಗೆ ಸುಳ್ಳು ಘೋಷಣೆ ಮಾಡಿ ಎಂದು ಹೇಳಿದಂತೆ. ಅದರಿಂದ ಲಾಭವೂ ಇಲ್ಲ: ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಉಳಿದ ಉಡುಗೊರೆಗಳ ಸುಂಕರಹಿತ ಆಮದು 2019ರ ಡಿಸೆಂಬರ್‌ನಲ್ಲೇ ನಿಂತಿದೆ. ಹತ್ತು ಡಾಲರ್ ಎಂದು ಬರೆಸಿದ ಡಬ್ಬಿ ಕಳೆದುಹೋದರೆ ವಿಮೆಯ ಆಸೆಯನ್ನೂ ಬಿಡಬೇಕು.

ದೇಶದೊಳಗಿನ ವ್ಯವಹಾರಕ್ಕೆ ಪೇಪಾಲ್ 2021ರ ಏಪ್ರಿಲ್ 1ರಿಂದ ಇಲ್ಲ. ಅಪರಿಚಿತರಿಗೆ ಯುಪಿಐನಲ್ಲಿ ಹಾಕಿದ ಹಣಕ್ಕೆ ಖರೀದಿದಾರನ ರಕ್ಷಣೆ ಎಂಬುದೇ ಇಲ್ಲ. ಆದ್ದರಿಂದ ವಿಡಿಯೋ ಕರೆಯಲ್ಲಿ ಚಾಕು ನೋಡದೆ ಹಣ ಹಾಕಬೇಡಿ, ಒಂದೇ ಊರಿನವರಾದರೆ ಭೇಟಿಯಾಗಿ ಮುಗಿಸಿ.

ಹಿಡಿಯ ವಸ್ತು ಇನ್ನೊಂದು ಬಲೆ. ಶೆಫೀಲ್ಡ್, ಸೋಲಿಂಗನ್, ಅಮೆರಿಕದ ಒಳ್ಳೆಯ ಚಾಕುಗಳ ಕೊಂಬಿನ ಹಿಡಿಗಳಿಗೆ ಬಹುಕಾಲ ಹೋಗುತ್ತಿದ್ದದ್ದು ನಮ್ಮ ಕಾಡುಗಳ ಕಡವೆಯ ಕೊಂಬೇ. 1990ರ ದಶಕದ ಕೊನೆಯಲ್ಲಿ ಭಾರತ ಆ ರಫ್ತು ನಿಲ್ಲಿಸಿದ ಮೇಲೆ ಅಲ್ಲಿ ‘ಸಾಂಬರ್ ಸ್ಟ್ಯಾಗ್’ ಎಂಬ ಮಾತಿಗೇ ಬೆಲೆ ಏರಿತು. ಅಮೆರಿಕದಲ್ಲಿ ಅದನ್ನು ಮಾರಾಟಕ್ಕಿಟ್ಟಿರುವುದು ಸಾಮಾನ್ಯ ದೃಶ್ಯ. ಅದನ್ನೇ ಭಾರತಕ್ಕೆ ತರಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಖಾಮುಖಿ. ದಂತದ ಹಿಡಿಯಂತೂ ಬೇಡವೇ ಬೇಡ, ಅಮೆರಿಕದಲ್ಲೂ 2016ರಿಂದ ಆಫ್ರಿಕಾದ ಆನೆದಂತದ ವ್ಯಾಪಾರ ಬಹುತೇಕ ಬಂದ್ ಆಗಿದೆ.

ಇನ್ನು ಕೊಡಗಿನದು. ಕುಪ್ಯ ಎಂಬ ಉದ್ದ ಕೋಟಿನ ಮೇಲೆ ಚೇಲೆ ಎಂಬ ನಡುಪಟ್ಟಿ ಸುತ್ತಿ ಸಿಕ್ಕಿಸುವ ಪೀಚೆಕತ್ತಿ, ಬೆನ್ನಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ತೂಗುವ ಅಗಲದ ಒಡಿಕತ್ತಿ, ಎರಡೂ ವಿದೇಶಿ ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತವೆ, ಎಷ್ಟೋ ಸಲ ತಪ್ಪು ಹೆಸರಿನಲ್ಲಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಪೂಜೆಗೊಳ್ಳುವ, ಮದುವೆಯಲ್ಲಿ ಬಾಳೆಯ ಕಂಬ ಕಡಿಯುವ ಕತ್ತಿಯನ್ನು ‘ಬೆಲೆ ಎಷ್ಟು?’ ಎಂದು ಪರಿಚಯವಿಲ್ಲದ ಮನೆಯವರಿಗೆ ಸಂದೇಶ ಕಳಿಸುವುದು ಅಸಭ್ಯತೆ. ಅವರಾಗಿ ಮಾರುವ ಮಾತು ಎತ್ತುವವರೆಗೆ ಸುಮ್ಮನಿರಿ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಶಸ್ತ್ರಾಸ್ತ್ರ ಪರವಾನಗಿ ವಿನಾಯಿತಿ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದದ್ದು, ಅವರದು. ಕತ್ತಿಯ ಜೊತೆ ಅದು ಕೊಳ್ಳುವವರಿಗೆ ವರ್ಗವಾಗುವುದಿಲ್ಲ. ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತು ಕಾಯ್ದೆಯಡಿ ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಆದ್ದರಿಂದ ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಹಳೆಯ ಪೀಚೆಕತ್ತಿ ನೋಡುತ್ತಿದ್ದರೆ, ಅದು ಭಾರತ ಬಿಟ್ಟದ್ದು ಯಾವಾಗ ಎಂಬುದಕ್ಕೆ ಕಾಗದ ಕೇಳಿ: ಹಳೆಯ ಹರಾಜಿನ ಪಟ್ಟಿ, ಬ್ರಿಟಿಷ್ ಅಧಿಕಾರಿಯ ಕುಟುಂಬದ ಪತ್ರ, ತಾರೀಕಿರುವ ಫೋಟೋ. ‘ಇತ್ತೀಚೆಗೆ ಕೂರ್ಗಿನ ಒಂದು ಮನೆತನದಿಂದ ಬಂದದ್ದು’ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದರೆ ಆ ವಾಕ್ಯದ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಕೊಳ್ಳದೆ ಮುಂದೆ ಹೋಗಿ.